ವಿಮಾನದ ಕಿಟಕಿಯಿಂದ ಕಂಡ ಬಣ್ಣದ ಉಂಗುರ: ನನ್ನ ಫೋಟೋಗೂ ತಂಗಿಯ ಫೋಟೋಗೂ ಯಾಕೆ ವ್ಯತ್ಯಾಸ?

ಕಿಟಕಿಸೀಟು:
ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯುತ್ತಿರುವುದು ಇದೇ ಮೊದಲು. ಹೋದ ವಾರ ನಾನು ಮತ್ತು ನನ್ನ ತಂಗಿ ಒಂದೇ ವಿಮಾನದಲ್ಲಿ ಬಂದೆವು. ಅಕ್ಕಪಕ್ಕದ ಸೀಟು ಸಿಗಲಿಲ್ಲ. ಅವಳು ಮುಂದೆ 6ನೇ ಸಾಲು, ನಾನು ಹಿಂದೆ 27ನೇ ಸಾಲು. ಇಬ್ಬರಿಗೂ ಎಡಗಡೆ ಕಿಟಕಿ.

ಬೆಳಿಗ್ಗೆ ಎಂಟೂವರೆ ಇರಬೇಕು. ಕೆಳಗೆ ಹತ್ತಿ ಹರವಿದ ಹಾಗೆ ಬಿಳಿ ಮೋಡ. ವಿಮಾನ ಇಳಿಯಲು ಶುರು ಮಾಡಿದಾಗ ಮೋಡದ ಮೇಲೆ ಒಂದು ಬಣ್ಣದ ಉಂಗುರ ಕಂಡಿತು. ಒಳಗಡೆ ನೀಲಿ, ಹೊರಗಡೆ ಕೆಂಪು. ಅದರಾಚೆ ಇನ್ನೊಂದು ಮಸುಕು ಉಂಗುರ. ನಮ್ಮ ಜೊತೆಗೇ ಓಡಿ ಬರುತ್ತಿತ್ತು. ಇನ್ನೂ ಕೆಳಗಿಳಿದಾಗ ಅದರೊಳಗೆ ವಿಮಾನದ ನೆರಳು ಮೂಡಿತು. ಮೊದಲು ಬರೀ ಒಂದು ಚುಕ್ಕಿ. ಆಮೇಲೆ ರೆಕ್ಕೆ, ಬಾಲ ಎಲ್ಲ ಗೊತ್ತಾಗುವಷ್ಟು. ನೆರಳು ಬೆಳೆಯುತ್ತಲೇ ಹೋಯಿತು, ಉಂಗುರ ಮಾತ್ರ ಇದ್ದಷ್ಟೇ ಇತ್ತು. ಕೊನೆಗೆ ನೆರಳು ಉಂಗುರವನ್ನೂ ದಾಟಿ ಚಾಚಿತು. ಮರುಕ್ಷಣ ನಾವೇ ಮೋಡದೊಳಗೆ, ಕಿಟಕಿ ತುಂಬಾ ಬಿಳಿ.

ಮನೆಗೆ ಬಂದು ಇಬ್ಬರ ಫೋಟೋಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ನನ್ನದರಲ್ಲಿ ಉಂಗುರದ ನಡು ರೆಕ್ಕೆ ದಾಟಿ ಬಾಲದ ಕಡೆಗಿದೆ. ಅವಳದರಲ್ಲಿ ಮೂತಿಯ ಕಡೆಗಿದೆ. ಒಂದೇ ವಿಮಾನ, ಒಂದೇ ಮೋಡ, ಹೆಚ್ಚುಕಡಿಮೆ ಒಂದೇ ಹೊತ್ತು. ಒಂದೇ ಉಂಗುರ ಎರಡು ಕಡೆ ಹೇಗೆ ಇರಲು ಸಾಧ್ಯ? ಎರಡು ದಿನದಿಂದ ಇದೇ ತಲೆಯಲ್ಲಿ ಕೊರೆಯುತ್ತಿದೆ. ಎರಡೂ ಫೋಟೋ ಹಾಕಿದ್ದೇನೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಮೋಡನೋಡುಗ:
ಇದಕ್ಕೆ ಗ್ಲೋರಿ ಅಂತ ಹೆಸರು. ಇಷ್ಟು ಹತ್ತಿರದಿಂದ, ನೆರಳು ಸಮೇತ ಸಿಕ್ಕಿರುವುದು ನಿಮ್ಮ ಅದೃಷ್ಟ.

ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಅದು ಒಂದು ಉಂಗುರ ಅಲ್ಲವೇ ಅಲ್ಲ. ನಿಮ್ಮದು ನಿಮಗೆ, ತಂಗಿಯದು ತಂಗಿಗೆ. ಸೂರ್ಯನಿಂದ ನಿಮ್ಮ ಕಣ್ಣಿಗೆ ಒಂದು ಗೆರೆ ಎಳೆಯಿರಿ. ಅದನ್ನೇ ನೇರವಾಗಿ ಮುಂದಕ್ಕೆ ಒಯ್ದರೆ ಮೋಡವನ್ನು ಎಲ್ಲಿ ಮುಟ್ಟುತ್ತದೋ ಅದೇ ಉಂಗುರದ ನಡು. ಅಂದರೆ ನಿಮ್ಮ ತಲೆಯ ನೆರಳು ಬೀಳುವ ಜಾಗ. ನೀವು ಹಿಂದೆ ಕೂತಿದ್ದಿರಿ, ನಿಮ್ಮ ಉಂಗುರ ಬಾಲದ ಕಡೆ. ತಂಗಿ ಮುಂದೆ ಕೂತಿದ್ದರು, ಅವರದು ಮೂತಿಯ ಕಡೆ. ಆ ವಿಮಾನದ ಎಡಗಡೆ ಕಿಟಕಿಯಲ್ಲಿ ಎಷ್ಟು ಜನ ಹೊರಗೆ ನೋಡುತ್ತಿದ್ದರೋ ಅಷ್ಟು ಉಂಗುರ ಇತ್ತು. ಒಬ್ಬರದು ಇನ್ನೊಬ್ಬರಿಗೆ ಕಾಣುವುದಿಲ್ಲ.

ಯಾರಾದರೂ ಗ್ಲೋರಿಯ ಫೋಟೋ ತೋರಿಸಿದರೆ ನಾನು ಮೊದಲು ನೋಡುವುದು ಇದನ್ನೇ. ಮುಂದೆ ಕೂತಿದ್ದರಾ ಹಿಂದೆ ಕೂತಿದ್ದರಾ ಅಂತ ಹೇಳಿಬಿಡಬಹುದು.

ಹನಿಹನಿ:
ಇದು ದುಂಡಗಿನ ಕಾಮನಬಿಲ್ಲು ಅಲ್ವಾ? ನೆಲದ ಮೇಲಿಂದ ನೋಡಿದರೆ ಅರ್ಧ ಕಾಣುತ್ತದೆ, ಮೇಲಿಂದ ನೋಡಿದರೆ ಪೂರ್ತಿ ಕಾಣುತ್ತದೆ ಅಂತ ಓದಿದ ನೆನಪು. ಕೆಂಪು ಹೊರಗೆ, ನೀಲಿ ಒಳಗೆ ಅನ್ನುವುದೂ ಸರಿಹೋಗುತ್ತದೆ.

ಭೌತಪಾಠ:
ಹನಿಹನಿ ಅವರೇ, ಪೂರ್ತಿ ವೃತ್ತದ ಕಾಮನಬಿಲ್ಲು ವಿಮಾನದಿಂದ ಕಾಣುವುದು ನಿಜ. ಅದರ ನಡುವೂ ಇದೇ ಜಾಗ, ಸೂರ್ಯನ ನೇರ ಎದುರು. ಅದಕ್ಕೇ ಈ ಗೊಂದಲ ಆಗುತ್ತದೆ. ಬಿಡಿಸಿಕೊಳ್ಳಲು ಕೈಯೇ ಸಾಕು.

ಕೈ ನೇರ ಮುಂದೆ ಚಾಚಿ ಒಂದು ಗೇಣು ಅಗಲಿಸಿ ಹಿಡಿಯಿರಿ. ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಗೆ ಸುಮಾರು 20 ಡಿಗ್ರಿ. ಮುಷ್ಟಿ ಕಟ್ಟಿದರೆ 10 ಡಿಗ್ರಿ. ಕಾಮನಬಿಲ್ಲು ನಡುವಿನಿಂದ ಅಂಚಿಗೇ 42 ಡಿಗ್ರಿ, ಎರಡು ಗೇಣಿಗಿಂತ ಜಾಸ್ತಿ. ಪೂರ್ತಿ ವೃತ್ತ ಅಂದರೆ ನಾಲ್ಕು ಗೇಣು ದಾಟಿತು. ಅದು ವಿಮಾನದ ಕಿಟಕಿಯೊಳಗೆ ಹಿಡಿಸುವುದೇ ಕಷ್ಟ. ಗಾಜಿಗೆ ಮುಖ ಒತ್ತಿ, ತಲೆ ಆಚೀಚೆ ಹೊರಳಿಸಿ ತುಂಡುತುಂಡಾಗಿ ನೋಡಬೇಕು. ಗ್ಲೋರಿ ಪೂರ್ತಿ ಸೇರಿದರೂ 5ರಿಂದ 20 ಡಿಗ್ರಿ ಅಗಲ. ಹೆಚ್ಚೆಂದರೆ ಒಂದು ಗೇಣು. ಕಿಟಕಿಸೀಟು ಅವರ ಫೋಟೋದಲ್ಲಿ ಉಂಗುರ ಒಂದೇ ಚೌಕಟ್ಟಿನಲ್ಲಿ ಆರಾಮಾಗಿ ಕೂತಿದೆ ನೋಡಿ.

ಹನಿಯ ಗಾತ್ರವೂ ಬೇರೆ. ಕಾಮನಬಿಲ್ಲಿಗೆ ಮಳೆಹನಿ ಬೇಕು, ಮಿಲಿಮೀಟರ್ ಆಸುಪಾಸಿನದು. ಗ್ಲೋರಿಗೆ ಮೋಡದ ಹನಿ, ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲಿನಷ್ಟು ಸಣ್ಣದು. ಹನಿ ಸಣ್ಣದಾದಷ್ಟೂ ಉಂಗುರ ಅಗಲ. ಹನಿಗಳೆಲ್ಲ ಹೆಚ್ಚುಕಡಿಮೆ ಒಂದೇ ಗಾತ್ರ ಇದ್ದರೆ ಬಣ್ಣ ಚೊಕ್ಕವಾಗಿ ಬರುತ್ತದೆ, ಎರಡು ಮೂರು ಉಂಗುರ ಕೂಡ ಎಣಿಸಬಹುದು. ವಿಮಾನ ಒಂದು ಮೋಡದಿಂದ ಇನ್ನೊಂದು ಮೋಡದ ಮೇಲೆ ಸಾಗುವಾಗ ಉಂಗುರ ಒಮ್ಮೆಗೇ ಹಿಗ್ಗಿದ ಹಾಗೆ, ಕುಗ್ಗಿದ ಹಾಗೆ ಆದರೆ ಹನಿಯ ಗಾತ್ರ ಬದಲಾಯಿತು ಅಂತಲೇ ಅರ್ಥ. ಕೂತಲ್ಲಿಂದಲೇ ಮೋಡದ ಹನಿ ಅಳೆದ ಹಾಗಾಯಿತು.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಕಾಮನಬಿಲ್ಲನ್ನು ಮಕ್ಕಳಿಗೆ ಹಲಗೆಯ ಮೇಲೆ ಗೆರೆ ಎಳೆದು ವಿವರಿಸಬಹುದು. ಕಿರಣ ಹನಿಯೊಳಗೆ ಹೋಯಿತು, ಹಿಂಬದಿಗೆ ಬಡಿದು ತಿರುಗಿತು, ಹೊರಗೆ ಬಂತು. ಗ್ಲೋರಿಗೆ ಈ ಗೆರೆ ಸಾಲುವುದಿಲ್ಲ. ಉಂಗುರ ಕಾಣಬೇಕಾದರೆ ಬೆಳಕು ಬಂದ ದಾರಿಯಲ್ಲೇ, ಪೂರ್ತಿ 180 ಡಿಗ್ರಿ ತಿರುಗಿ ವಾಪಸ್ ಬರಬೇಕು. ಹನಿಯ ಅಂಚನ್ನು ಸವರಿಕೊಂಡು ಒಳಗೆ ಹೋದ ಕಿರಣ ಒಂದು ಸಲ ಒಳಗೆ ಬಡಿದು ಹೊರಬಂದರೆ ತಿರುಗುವುದು ಸುಮಾರು 165 ಡಿಗ್ರಿ ಮಾತ್ರ. ಇನ್ನೂ 15 ಡಿಗ್ರಿಯಷ್ಟು ಬಾಕಿ! ಆ ಬಾಕಿ ದೂರವನ್ನು ಬೆಳಕು ಹನಿಯ ಮೈಗೆ ಅಂಟಿಕೊಂಡು ಅಲೆಯಾಗಿ ಜಾರುತ್ತಾ ಮುಗಿಸುತ್ತದೆ ಅಂತ ಡಚ್ ಖಗೋಳ ವಿಜ್ಞಾನಿ ವಾನ್ ಡಿ ಹುಲ್ಸ್ಟ್ 1947ರಲ್ಲಿ ಸೂಚಿಸಿದರು. ಬ್ರೆಜಿಲ್‌ನ ಭೌತವಿಜ್ಞಾನಿ ನುಸೆನ್ಸ್‌ವೈಗ್ ಇದನ್ನು ದಶಕಗಳ ಕಾಲ ಬೆನ್ನುಹತ್ತಿ ಇನ್ನೊಂದು ಮಾತು ಸೇರಿಸಿದರು. ಹನಿಯನ್ನು ಮುಟ್ಟದೆ, ಪಕ್ಕದಲ್ಲೇ ಹಾದುಹೋಗಬೇಕಿದ್ದ ಬೆಳಕು ಕೂಡ ಸುರಂಗ ಕೊರೆದ ಹಾಗೆ ಒಳಗೆ ನುಗ್ಗುತ್ತದೆ, ಗ್ಲೋರಿಯಲ್ಲಿ ಅದರ ಪಾಲೇ ದೊಡ್ಡದು ಅಂತ. ಕಿಟಕಿಯಾಚೆ ಸುಮ್ನೆ ಓಡುತ್ತಿರುವ ಉಂಗುರದಲ್ಲಿ ಇಷ್ಟೆಲ್ಲ ಇದೆ.

ಕಿಟಕಿಸೀಟು:
ಭೌತಪಾಠ ಸರ್, ಎರಡು ಸಲ ಓದಿದೆ. ತಂಗಿಗೂ ಓದಿ ಹೇಳಿದೆ. "ನನ್ನ ಉಂಗುರ ನಿನಗೆ ಕಾಣುವುದಿಲ್ಲ" ಅನ್ನುವುದು ಅವಳಿಗೆ ಬಹಳ ಹಿಡಿಸಿದೆ. ಇದನ್ನು ಮೊದಲು ಗಮನಿಸಿದ್ದು ಯಾರು? ವಿಮಾನ ಬರುವ ಮೊದಲೂ ಯಾರಾದರೂ ನೋಡಿರಬೇಕಲ್ಲ?

ಭೌತಪಾಠ:
ನೋಡಿದ್ದಾರೆ, ಬೆಟ್ಟದ ಮೇಲಿಂದ. ಭೂಮಿಯ ಆಕಾರ ಅಳೆಯಲು ಫ್ರೆಂಚ್ ತಂಡವೊಂದು 1735ರಲ್ಲಿ ದಕ್ಷಿಣ ಅಮೆರಿಕಕ್ಕೆ ಹೊರಟಿತು. ಅದರಲ್ಲಿ ಪಿಯರ್ ಬೂಗೇ ಅನ್ನುವ ವಿಜ್ಞಾನಿ ಇದ್ದರು, ಅಂಟೋನಿಯೋ ಡಿ ಉಲ್ಲೋವಾ ಅನ್ನುವ ಸ್ಪೇನಿನ ಅಧಿಕಾರಿ ಇದ್ದರು. ಈಗಿನ ಈಕ್ವೆಡಾರ್‌ನ ಪಂಬಮಾರ್ಕಾ ಬೆಟ್ಟದ ಮೇಲೆ ಅವರ ಗುಂಪು ನಿಂತಿದ್ದಾಗ ಸುತ್ತ ಕವಿದಿದ್ದ ಮೋಡ ಸರಿದು ಬಿಸಿಲು ಬಿತ್ತು. ಪ್ರತಿಯೊಬ್ಬರಿಗೂ ತಮ್ಮ ನೆರಳಿನ ತಲೆಯ ಸುತ್ತ ಬಣ್ಣದ ಉಂಗುರಗಳು ಕಂಡವು. ಪಕ್ಕದಲ್ಲಿ ನಿಂತವರ ತಲೆಯ ಸುತ್ತ ಏನೂ ಕಾಣಲಿಲ್ಲ. ನೀವು ಮತ್ತು ನಿಮ್ಮ ತಂಗಿ 27ನೇ ಸಾಲಿನಿಂದ, 6ನೇ ಸಾಲಿನಿಂದ ಕಂಡದ್ದೂ ಇದನ್ನೇ.

ಚೀನಾದ ಎಮೈ ಬೆಟ್ಟದಲ್ಲಿ ಇದಕ್ಕೆ ಬುದ್ಧನ ಬೆಳಕು ಅನ್ನುತ್ತಾರೆ. ಜರ್ಮನಿಯ ಬ್ರೋಕನ್ ಬೆಟ್ಟದಲ್ಲಿ ಮಂಜಿನ ಮೇಲೆ ಬೀಳುವ ಭಾರೀ ನೆರಳಿಗೆ ಬ್ರೋಕನ್ ಭೂತ ಅಂತಲೇ ಹೆಸರು.

ಇನ್ನೊಂದು ಕಥೆ ಹೇಳಲೇಬೇಕು. 1894ರ ಸೆಪ್ಟೆಂಬರಿನಲ್ಲಿ ಸಿ.ಟಿ.ಆರ್. ವಿಲ್ಸನ್ ಅನ್ನುವ ಯುವಕ ಸ್ಕಾಟ್ಲೆಂಡಿನ ಬೆನ್ ನೆವಿಸ್ ಬೆಟ್ಟದ ವೀಕ್ಷಣಾಲಯದಲ್ಲಿ ಕೆಲವು ವಾರ ಕೆಲಸ ಮಾಡಿದರು. ಅಲ್ಲಿ ಗ್ಲೋರಿ ನೋಡಿ ಮರುಳಾದರು. ಪ್ರಯೋಗಾಲಯದಲ್ಲಿ ಇದನ್ನು ತಾನೇ ಮಾಡಬೇಕು ಅಂತ ಗಾಜಿನ ಪಾತ್ರೆಯೊಳಗೆ ಮೋಡ ಕಟ್ಟಲು ಹೊರಟರು. ಅದೇ ಮುಂದೆ ಕ್ಲೌಡ್ ಚೇಂಬರ್ ಆಯಿತು. ಕಣ್ಣಿಗೆ ಕಾಣದ ಕಣಗಳು ಅದರೊಳಗೆ ಹಾದುಹೋದ ಜಾಡು ಹನಿಗಳ ಗೆರೆಯಾಗಿ ಮೂಡುತ್ತಿತ್ತು. 1927ರಲ್ಲಿ ಅವರಿಗೆ ನೊಬೆಲ್ ಬಂತು. 1932ರಲ್ಲಿ ಪಾಸಿಟ್ರಾನ್, ಅಂದರೆ ಧನ ವಿದ್ಯುತ್ತಿನ ಎಲೆಕ್ಟ್ರಾನ್, ಸಿಕ್ಕಿದ್ದೂ ಇಂಥದೇ ಚೇಂಬರಿನಲ್ಲಿ. ಬೆಟ್ಟದ ಮೇಲಿನ ಒಂದು ಬಣ್ಣದ ಉಂಗುರದಿಂದ ಎಲ್ಲಿಗೆ ಹೋಯಿತು ನೋಡಿ.

ನದಿದಂಡೆ:
ನಾನು ಸುಮ್ನೆ ಓದುತ್ತಿದ್ದೆ, ಈಗ ಬರೆಯದೆ ಇರಲು ಆಗುತ್ತಿಲ್ಲ. ಎರಡು ವರ್ಷದ ಹಿಂದೆ ನನ್ನ ಮಗ ಕಿಟಕಿ ಪಕ್ಕ ಕೂತಿದ್ದ, ಆಗ ಅವನಿಗೆ ಆರು ವರ್ಷ. "ಅಮ್ಮಾ, ಕೆಳಗೂ ಒಂದು ಸೂರ್ಯ ಇದೆ" ಅಂದ. ನೀರಿನ ಮೇಲೆ ಹೊಳೆಯುತ್ತಿರಬೇಕು ಕಣೋ ಅಂದೆ. ಅವನು ಒಪ್ಪಲಿಲ್ಲ. ಬಗ್ಗಿ ನೋಡಿದರೆ ಕೆಳಗೆ ನೀರೇ ಇಲ್ಲ. ತೆಳ್ಳಗಿನ ಮೋಡದ ಪೊರೆ, ಅದರೊಳಗೆ ಕಣ್ಣು ಕುಕ್ಕುವ ಒಂದು ಬೆಳಕಿನ ಚುಕ್ಕಿ, ಸ್ವಲ್ಪ ಉದ್ದುದ್ದಕ್ಕೆ ಎಳೆದ ಹಾಗೆ. ವಿಮಾನದ ವೇಗಕ್ಕೆ ಸರಿಯಾಗಿ ಬರುತ್ತಿತ್ತು. ಮೋಡ ಹರಿದ ಕಡೆ ಮಾಯ, ಮತ್ತೆ ಮೋಡ ಬಂದರೆ ಪ್ರತ್ಯಕ್ಷ. ಇದೂ ಗ್ಲೋರಿಯಾ? ಉಂಗುರ ಏನೂ ಇರಲಿಲ್ಲ. ಮಗನಿಗೆ ನಾನು ಸರಿಯಾದ ಉತ್ತರ ಕೊಟ್ಟಿಲ್ಲ ಅನ್ನುವುದು ಇವತ್ತಿಗೂ ಮನಸ್ಸಿನಲ್ಲಿದೆ.

ಮೋಡನೋಡುಗ:
ಒಂದೇ ಪ್ರಶ್ನೆ. ಸೂರ್ಯ ನಿಮ್ಮ ಕಿಟಕಿ ಕಡೆ ಇತ್ತಾ, ಆಚೆ ಕಡೆ ಇತ್ತಾ?

ನದಿದಂಡೆ:
ನಮ್ಮ ಕಡೆಯೇ. ಬಿಸಿಲು ಮಗನ ಮುಖಕ್ಕೆ ಬಡಿಯುತ್ತಿತ್ತು. ಪರದೆ ಎಳೆಯೋಣ ಅಂದರೂ ಕೇಳಲಿಲ್ಲ.

ಮೋಡನೋಡುಗ:
ಹಾಗಾದರೆ ನಿಮ್ಮ ಮಗ ಹೇಳಿದ್ದೇ ಸರಿ. ಅದಕ್ಕೆ ಇಂಗ್ಲಿಷಿನಲ್ಲಿ ಸಬ್‌ಸನ್ ಅನ್ನುತ್ತಾರೆ, ನಾನು ಕೆಳಸೂರ್ಯ ಅನ್ನುತ್ತೇನೆ. ಗ್ಲೋರಿ ಯಾವತ್ತೂ ಸೂರ್ಯನ ಎದುರು ಕಡೆ. ಕೆಳಸೂರ್ಯ ಸೂರ್ಯನ ಕಡೆಯೇ, ಸೂರ್ಯನ ನೇರ ಕೆಳಗೆ. ಸೂರ್ಯ ದಿಗಂತದಿಂದ ಎಷ್ಟು ಮೇಲಿದೆಯೋ ಇದು ಅಷ್ಟೇ ಕೆಳಗೆ.

ಆ ತೆಳು ಮೋಡದಲ್ಲಿ ಇರುವುದು ನೀರಿನ ಹನಿ ಅಲ್ಲ, ಮಂಜುಗಡ್ಡೆಯ ಪುಟ್ಟ ಹರಳು. ಆರು ಮೂಲೆಯ ಚಪ್ಪಟೆ ಬಿಲ್ಲೆಗಳು. ಗಾಳಿ ಶಾಂತವಾಗಿದ್ದರೆ ಅವು ಉದುರಿದ ಎಲೆಯ ಹಾಗೆ ಅಡ್ಡಡ್ಡ ಮಲಗಿಕೊಂಡೇ ಇಳಿಯುತ್ತವೆ. ಲಕ್ಷಾಂತರ ಬಿಲ್ಲೆ ಒಟ್ಟಿಗೆ ಮಲಗಿದರೆ ಗಾಳಿಯಲ್ಲಿ ಒಂದು ಕನ್ನಡಿ ಹಾಸಿದ ಹಾಗೆ. ಅದರಲ್ಲಿ ಸೂರ್ಯನ ಪ್ರತಿಬಿಂಬ. ಬಿಲ್ಲೆಗಳು ಸ್ವಲ್ಪ ಓಲಾಡುವುದರಿಂದ ಚುಕ್ಕಿ ಉದ್ದಕ್ಕೆ ಎಳೆದ ಹಾಗೆ ಕಾಣುತ್ತದೆ. ಬೆಳಕು ಹರಳಿನ ಮೈಗೆ ಬಡಿದು ವಾಪಸ್ ಬರುವುದರಿಂದ ಕಾಮನಬಿಲ್ಲಿನ ಬಣ್ಣ ಇರುವುದಿಲ್ಲ. ಸೂರ್ಯನ ಬಣ್ಣವೇ ಅದರ ಬಣ್ಣ.

ನೆಲದ ಮೇಲೆ ನಿಂತವರಿಗೆ ಇದು ಸಿಗುವುದು ಬಹಳ ಕಷ್ಟ, ಹರಳು ನಮ್ಮ ಕೆಳಗಿರಬೇಕಲ್ಲ. ಮಗನಿಗೆ ಈಗಲಾದರೂ ಹೇಳಿ.

ನದಿದಂಡೆ:
ಈಗಲೇ ಕರೆದು ಓದಿಸಿದೆ. "ನಾನು ಆವತ್ತೇ ಹೇಳಿದ್ದೆ" ಅಂದ. ತುಂಬಾ ಥ್ಯಾಂಕ್ಸ್.

ಬೆಳಕುಬೆನ್ನು:
ನನ್ನದೂ ಒಂದು ಇದೆ. ಹೋದ ವರ್ಷ ಕಿಟಕಿಯಾಚೆ ಆಕಾಶದ ತುಂಬಾ ಬಣ್ಣ ಕಂಡೆ. ಗುಲಾಬಿ, ಹಸಿರು, ನೇರಳೆ, ಎಣ್ಣೆ ಚೆಲ್ಲಿದ ನೀರಿನ ಹಾಗೆ ಪಟ್ಟೆಪಟ್ಟೆ. ಉಸಿರು ಬಿಗಿಹಿಡಿದು ನೋಡಿದೆ. ಫೋಟೋ ತೆಗೆದರೆ ಬರೀ ನೀಲಿ ಆಕಾಶ, ಏನೂ ಇಲ್ಲ. ಬೇರೆ ಗುಂಪಿನಲ್ಲಿ ಬರೆದಾಗ ಕನಸು ಕಂಡಿರಬೇಕು ಅಂದರು. ಬೇಜಾರಾಗಿ ಅಳಿಸಿಹಾಕಿದೆ. ನಾನು ಕಂಡದ್ದು ನಿಜ.

ಭೌತಪಾಠ:
ನಿಜ ಇರಬೇಕು. ಕೂಲಿಂಗ್ ಗ್ಲಾಸ್ ಹಾಕಿಕೊಂಡಿದ್ದಿರಾ?

ಬೆಳಕುಬೆನ್ನು:
ಹೌದು! ಬಿಸಿಲು ಜಾಸ್ತಿ ಇತ್ತು.

ಭೌತಪಾಠ:
ಪೋಲರೈಸ್ಡ್ ಗ್ಲಾಸ್ ಆಗಿರಬೇಕು, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಒಳಗೆ ಬಿಡುವಂಥದ್ದು. ನೀವು ಕಂಡ ಬಣ್ಣ ಆಕಾಶದ್ದಲ್ಲ, ಕಿಟಕಿಯದು. ಅದಕ್ಕೇನೂ ಬೆಲೆ ಕಡಿಮೆ ಅಂದುಕೊಳ್ಳಬೇಡಿ.

ವಿಮಾನದ ಕಿಟಕಿ ಗಾಜಲ್ಲ, ಅಕ್ರಿಲಿಕ್. ಹೊರಗಿನ ಪದರವನ್ನು ಹಿಗ್ಗಿಸಿ ಗಟ್ಟಿ ಮಾಡಿರುತ್ತಾರೆ. ಜೊತೆಗೆ ಒಳಗಿನ ಗಾಳಿಯ ಒತ್ತಡ ಅದನ್ನು ಹೊರಗೆ ತಳ್ಳುತ್ತಲೇ ಇರುತ್ತದೆ. ಹೀಗೆ ಬಿಗಿಯಲ್ಲಿರುವ ಪ್ಲಾಸ್ಟಿಕ್ ಒಳಗೆ ಬೆಳಕು ಎರಡು ಭಾಗವಾಗಿ ಎರಡು ವೇಗದಲ್ಲಿ ಸಾಗುತ್ತದೆ. ಎಷ್ಟು ಬಿಗಿಯೋ ಅಷ್ಟು ವ್ಯತ್ಯಾಸ. ಬರಿಗಣ್ಣಿಗೆ ಇದು ಗೊತ್ತಾಗುವುದಿಲ್ಲ. ಆದರೆ ಸೂರ್ಯನಿಂದ 90 ಡಿಗ್ರಿ ದೂರದ ನೀಲಿ ಆಕಾಶದ ಬೆಳಕು ಬಹುಪಾಲು ಒಂದೇ ದಿಕ್ಕಿನಲ್ಲಿ ಕಂಪಿಸುತ್ತಾ ಬರುತ್ತದೆ. ಆ ಕಡೆಗೆ ಅಂಥ ಬೆಳಕು, ಈ ಕಡೆಗೆ ನಿಮ್ಮ ಕಣ್ಣಿನ ಮುಂದೆ ಪೋಲರೈಸ್ಡ್ ಗ್ಲಾಸ್, ನಡುವೆ ಕಿಟಕಿ. ಪ್ಲಾಸ್ಟಿಕ್ಕಿನ ಒಳಗಿನ ಬಿಗಿ ಬಣ್ಣವಾಗಿ ಹೊರಬೀಳುತ್ತದೆ. ಎಂಜಿನಿಯರುಗಳು ಯಂತ್ರದ ಭಾಗದ ಮಾದರಿ ಮಾಡಿ ಎಲ್ಲಿ ಒತ್ತಡ ಬೀಳುತ್ತದೆ ಅಂತ ನೋಡುವುದೂ ಇದೇ ಉಪಾಯದಿಂದ.

ಫೋನಿನ ಕ್ಯಾಮೆರಾಗೆ ಗ್ಲಾಸ್ ಇರಲಿಲ್ಲ, ಅದಕ್ಕೆ ಫೋಟೋದಲ್ಲಿ ಬರಲಿಲ್ಲ. ಮುಂದಿನ ಸಲ ಕೂಲಿಂಗ್ ಗ್ಲಾಸನ್ನೇ ಕ್ಯಾಮೆರಾದ ಮುಂದೆ ಹಿಡಿದು ತೆಗೆಯಿರಿ. ಗ್ಲಾಸ್ ನಿಧಾನಕ್ಕೆ ತಿರುಗಿಸಿದರೆ ಬಣ್ಣ ಬದಲಾಗುವುದೂ ಸಿಗುತ್ತದೆ.

ಬೆಳಕುಬೆನ್ನು:
ಒಂದು ವರ್ಷದಿಂದ ಇದನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ. ಸಮಾಧಾನ ಆಯಿತು ಸರ್.

ರೆಕ್ಕೆಮೇಲೆ:
ಕಿಟಕಿಯ ಮಾತು ಬಂದಿತಲ್ಲ, ಕೆಳಭಾಗದಲ್ಲಿ ಒಂದು ಪುಟ್ಟ ತೂತು ಇರುತ್ತದೆ, ಅದನ್ನೂ ಗಮನಿಸಿ. ಅದು ಮಧ್ಯದ ಪದರದಲ್ಲಿರುವುದು, ಎರಡು ಕಡೆಯ ಒತ್ತಡ ಸರಿದೂಗಿಸಲು. ಅದರ ಸುತ್ತ ಹಿಮದ ಹೂವು ಅರಳುತ್ತದೆ. ಸೂರ್ಯ ಅದರ ಹಿಂದೆ ಬಂದಾಗ ಹತ್ತಿರದಿಂದ ನೋಡಿ.

ನಾನು ಕೇಳಬೇಕಾದ್ದು ಬೇರೆ. ರೆಕ್ಕೆಯ ಮೇಲಿನ ಸೀಟಿನಲ್ಲಿ ಕೂತಿದ್ದೆ. ಮಧ್ಯಾಹ್ನ, ಸೂರ್ಯ ನೆತ್ತಿಯ ಮೇಲೆ. ರೆಕ್ಕೆಯ ಮೇಲೆ ಒಂದು ತೆಳುವಾದ ಗೆರೆ, ಒಡಲಿನ ಕಡೆಯಿಂದ ತುದಿಯ ಕಡೆಗೆ. ಕೂದಲೆಳೆಯಷ್ಟು ಕಪ್ಪು, ಅದರ ಪಕ್ಕ ಸ್ವಲ್ಪ ಬೆಳಕು. ಮೊದಲು ಬಿರುಕು ಅಂತಲೇ ಹೆದರಿದೆ. ನೋಡುತ್ತಾ ಇದ್ದರೆ ಗೆರೆ ಹಿಂದೆ ಮುಂದೆ ನಡುಗುತ್ತಿದೆ. ಬಿರುಕು ಜಾಗ ಬದಲಿಸುತ್ತದಾ? ಗಗನಸಖಿಗೆ ತೋರಿಸಿದೆ, ಅವರಿಗೂ ಏನೆಂದು ಗೊತ್ತಾಗಲಿಲ್ಲ. ಅಷ್ಟು ಹೊತ್ತಿಗೆ ವಿಮಾನ ಸ್ವಲ್ಪ ತಿರುಗಿತು, ಗೆರೆ ಹೋಯಿತು.

ಭೌತಪಾಠ:
ಇದನ್ನು ಓದಿ ನನಗೇ ಹೊಟ್ಟೆಕಿಚ್ಚಾಯಿತು. ಎಷ್ಟೋ ವರ್ಷದಿಂದ ಹುಡುಕುತ್ತಿದ್ದೇನೆ, ನನಗೆ ಒಂದು ಸಲವೂ ಸಿಕ್ಕಿಲ್ಲ.

ನೀವು ಕಂಡದ್ದು ಶಾಕ್ ವೇವ್, ಆಘಾತದ ಅಲೆ. ಪ್ರಯಾಣಿಕರ ಜೆಟ್‌ಗಳು ಶಬ್ದದ ವೇಗದ ಸುಮಾರು 0.8 ಪಟ್ಟು ವೇಗದಲ್ಲಿ ಹಾರುತ್ತವೆ. ಆದರೆ ರೆಕ್ಕೆಯ ಉಬ್ಬಿದ ಮೇಲ್ಮೈಯನ್ನು ದಾಟುವಾಗ ಗಾಳಿ ಇನ್ನೂ ಜೋರಾಗಿ ಓಡಬೇಕು. ಅಲ್ಲಿ ಸ್ವಲ್ಪ ಜಾಗದಲ್ಲಿ ಶಬ್ದಕ್ಕಿಂತಲೂ ವೇಗ ಬರುತ್ತದೆ. ಹಾಗೆ ಓಡಿದ ಗಾಳಿ ಮತ್ತೆ ನಿಧಾನ ಆಗುವುದು ಮೆಲ್ಲಗೆ ಅಲ್ಲ, ಒಂದೇ ಏಟಿಗೆ. ಗಾಳಿ ಒಮ್ಮೆಗೇ ದಟ್ಟವಾಗುವ ಆ ತೆಳು ಗೋಡೆಯೇ ಆಘಾತದ ಅಲೆ. ದಟ್ಟ ಗಾಳಿ, ತೆಳು ಗಾಳಿಯ ನಡುವೆ ಹಾದ ಬಿಸಿಲು ಸ್ವಲ್ಪ ಬಾಗುತ್ತದೆ. ಒಂದು ಕಡೆ ಬೆಳಕು ಕಡಿಮೆ ಬಿದ್ದು ಕಪ್ಪು ಗೆರೆ, ಪಕ್ಕದಲ್ಲಿ ಜಾಸ್ತಿ ಬಿದ್ದು ಬಿಳಿ ಗೆರೆ. ಬೇಸಿಗೆಯಲ್ಲಿ ಕಾದ ನೆಲದ ಮೇಲಿನ ಗಾಳಿಯ ನೆರಳು ಗೋಡೆಯ ಮೇಲೆ ಅಲುಗುವುದನ್ನು ನೋಡಿರುತ್ತೀರಿ, ಅದೇ ಸಂಗತಿ. ಗಾಳಿ ಸ್ವಲ್ಪ ಏರುಪೇರಾದರೆ ಅಲೆಯ ಜಾಗವೂ ಹಿಂದೆಮುಂದೆ ಆಗುತ್ತದೆ, ಅದಕ್ಕೇ ನಡುಕ. ಹೆದರುವಂಥದ್ದು ಏನೂ ಇಲ್ಲ. ಆ ವೇಗಕ್ಕೆ ತಕ್ಕ ಹಾಗೇ ರೆಕ್ಕೆ ಮಾಡಿರುತ್ತಾರೆ.

ಬಿಸಿಲು ಸರಿಯಾದ ಕೋನದಲ್ಲಿ ಬಿದ್ದರೆ ಮಾತ್ರ ಇದು ಕಾಣುತ್ತದೆ. ಗ್ಲೋರಿ ನೋಡಿದವರು ತುಂಬಾ ಜನ ಇದ್ದಾರೆ. ಇದನ್ನು ನೋಡಿ ಗುರುತಿಟ್ಟುಕೊಂಡವರು ಕಡಿಮೆ.

ಹನಿಹನಿ:
ಕೆಳಗೆ ಮೋಡ ಇಲ್ಲದಿದ್ದರೆ ಕಿಟಕಿಯಲ್ಲಿ ನೋಡಲು ಏನೂ ಇಲ್ಲ ಅಂತಾನಾ?

ಮೋಡನೋಡುಗ:
ಇದೆ. ಕೆಳಗೆ ದಟ್ಟ ಕಾಡು ಇರುವಾಗ ಸೂರ್ಯನ ಎದುರು ಕಡೆ ನೋಡಿ. ಒಂದು ಜಾಗ ಮಾತ್ರ ಸುತ್ತಲಿಗಿಂತ ಬೆಳ್ಳಗೆ, ಯಾರೋ ಮೇಲಿಂದ ಟಾರ್ಚ್ ಹಿಡಿದ ಹಾಗೆ, ಮರಗಳ ಮೇಲೆ ಜಾರಿಕೊಂಡು ಹೋಗುತ್ತಿರುತ್ತದೆ. ಅಲ್ಲಿ ನಮ್ಮ ನೋಟವೂ ಬಿಸಿಲೂ ಒಂದೇ ದಿಕ್ಕಿನಲ್ಲಿ ಹೋಗುತ್ತಿರುತ್ತವೆ. ಪ್ರತಿ ಮರವೂ ತನ್ನ ನೆರಳನ್ನು ತಾನೇ ಮುಚ್ಚಿಕೊಂಡಿರುತ್ತದೆ. ನೆರಳೇ ಕಾಣದಿದ್ದರೆ ಆ ಜಾಗ ಬೆಳ್ಳಗೆ ಕಾಣಲೇಬೇಕು.

ಹುಣ್ಣಿಮೆಯ ಚಂದ್ರ ಅರ್ಧಚಂದ್ರನ ಎರಡು ಪಟ್ಟು ಬೆಳಗಬೇಕು ಅನ್ನಿಸುತ್ತದೆ, ಬೆಳಗುವುದು ಸುಮಾರು ಹತ್ತು ಪಟ್ಟು. ಅದಕ್ಕೂ ಒಂದು ಕಾರಣ ಇದೇ. ಹುಣ್ಣಿಮೆಯಂದು ಅಲ್ಲಿನ ಕಲ್ಲು, ಗುಂಡಿಗಳ ನೆರಳು ನಮಗೆ ಕಾಣುವುದಿಲ್ಲ.

ಇರುಳುಹಾರಾಟ:
ನಾನು ಕೆಲಸದ ಮೇಲೆ ರಾತ್ರಿ ವಿಮಾನದಲ್ಲೇ ಜಾಸ್ತಿ ಓಡಾಡುವವನು. ಸಂಜೆಯ ವಿಷಯ ಯಾರೂ ಎತ್ತಲಿಲ್ಲ. ಸೂರ್ಯ ಮುಳುಗಿದ ಮೇಲೆ ಎಲ್ಲರೂ ಪಶ್ಚಿಮದ ಕೆಂಪು ನೋಡುತ್ತಾರೆ. ನೀವು ಪೂರ್ವದ ಕಿಟಕಿಯಲ್ಲಿ ನೋಡಿ. ದಿಗಂತದ ಮೇಲೆ ಬೂದು ನೀಲಿಯ ಒಂದು ಪಟ್ಟಿ ಮೆಲ್ಲಗೆ ಏಳುತ್ತದೆ, ಅದರ ಮೇಲೆ ಗುಲಾಬಿಯ ಅಂಚು. ಆ ನೀಲಿ ಪಟ್ಟಿ ಭೂಮಿಯದೇ ನೆರಳು, ಗಾಳಿಯ ಮೇಲೆ ಬಿದ್ದಿರುವುದು. ನೆಲದಿಂದಲೂ ಕಾಣುತ್ತದೆ, ಆದರೆ ಅಷ್ಟು ಎತ್ತರದಲ್ಲಿ ಧೂಳು, ಮಬ್ಬು ಇಲ್ಲದೆ ಅಂಚು ಎಷ್ಟು ಚೊಕ್ಕ ಅಂದರೆ ಕೈಯಿಂದ ಸವರಬಹುದು ಅನ್ನಿಸುತ್ತದೆ. ವಿಮಾನ ಪೂರ್ವಕ್ಕೆ ಹೋಗುತ್ತಿದ್ದರೆ ಬೇಗ ಏಳುತ್ತದೆ, ನಾವೇ ರಾತ್ರಿಯ ಕಡೆ ಓಡುತ್ತಿರುತ್ತೇವೆ. ಪಶ್ಚಿಮಕ್ಕೆ ಹೋಗುತ್ತಿದ್ದರೆ ಸಂಜೆ ಮುಗಿಯುವುದೇ ಇಲ್ಲ. ಸಮಭಾಜಕದಲ್ಲಿ ಭೂಮಿ ಗಂಟೆಗೆ ಸುಮಾರು 1,670 ಕಿ.ಮೀ. ವೇಗದಲ್ಲಿ ತಿರುಗುತ್ತದೆ, 60 ಡಿಗ್ರಿ ಅಕ್ಷಾಂಶದಲ್ಲಿ ಅದರ ಅರ್ಧ. ಅಷ್ಟು ಉತ್ತರದಲ್ಲಿ ಪಶ್ಚಿಮಕ್ಕೆ ಹಾರುವ ಜೆಟ್ ಸೂರ್ಯನನ್ನು ಇದ್ದಲ್ಲೇ ನಿಲ್ಲಿಸಿಬಿಡುತ್ತದೆ. ಮೂರು ಗಂಟೆ ಒಂದೇ ಮುಸ್ಸಂಜೆಯಲ್ಲಿ ಕೂತಿದ್ದು ನೆನಪಿದೆ. ಪುಸ್ತಕ ತೊಡೆಯ ಮೇಲಿತ್ತು, ಒಂದು ಪುಟ ಕೂಡ ತಿರುವಲಿಲ್ಲ.

ಉತ್ತರದ ದಾರಿಯಲ್ಲಿ ಅರೋರಾ, ಅಂದರೆ ಧ್ರುವದ ಕಡೆಯ ಆಕಾಶದಲ್ಲಿ ರಾತ್ರಿ ಕಾಣುವ ಬೆಳಕು, ಕೂಡ ಸಿಗುತ್ತದೆ. ಮೊದಲ ನೋಟಕ್ಕೆ ಅದು ಹಸಿರಲ್ಲ, ಬೂದು ಬಣ್ಣದ ಮೋಡದ ಹಾಗೆ. ಅಯ್ಯೋ ಇಷ್ಟೇನಾ ಅಂತ ಪರದೆ ಎಳೆಯಬೇಡಿ. ಕಂಬಳಿಯನ್ನು ತಲೆಯ ಮೇಲೆ ಹೊದ್ದು ಒಳಗಿನ ದೀಪದ ಬೆಳಕು ತಡೆದು ಹತ್ತು ನಿಮಿಷ ಕೂತರೆ ಅದು ಅಲುಗುವುದು ಕಾಣುತ್ತದೆ.

ಬೆಳಕುಬೆನ್ನು:
ಸೀಟು ಯಾವ ಕಡೆ ತಗೊಳ್ಳಬೇಕು ಅಂತ ಯಾರಾದರೂ ಹೇಳಿ. ಇದನ್ನೆಲ್ಲ ಓದಿದ ಮೇಲೆ ನಡುವಿನ ಸೀಟಿನಲ್ಲಿ ಕೂರಲು ಆಗುವುದಿಲ್ಲ.

ಮೋಡನೋಡುಗ:
ಗ್ಲೋರಿ, ಕಾಮನಬಿಲ್ಲು, ಕಾಡಿನ ಮೇಲಿನ ಬೆಳಕು ಬೇಕಿದ್ದರೆ ನೆರಳಿನ ಕಡೆ. ಕೆಳಸೂರ್ಯ, ಸೂರ್ಯನ ಸುತ್ತಲಿನ 22 ಡಿಗ್ರಿ ಉಂಗುರ ಬೇಕಿದ್ದರೆ ಬಿಸಿಲಿನ ಕಡೆ. ಆ ಉಂಗುರದಲ್ಲಿ ಕೆಂಪು ಒಳಗಡೆ ಇರುತ್ತದೆ, ಗ್ಲೋರಿಗೆ ತದ್ವಿರುದ್ಧ. ಬೆಳಿಗ್ಗೆ ಉತ್ತರಕ್ಕೆ ಹೋಗುವ ವಿಮಾನವಾದರೆ ಸೂರ್ಯ ಬಲಕ್ಕೆ, ನೆರಳು ಎಡಕ್ಕೆ. ದಕ್ಷಿಣಕ್ಕಾದರೆ ಉಲ್ಟಾ. ಸೂರ್ಯ ನೆತ್ತಿಗೆ ಬಂದರೆ ಗ್ಲೋರಿ ವಿಮಾನದ ಹೊಟ್ಟೆಯ ಕೆಳಗೆ ಸೇರಿಕೊಳ್ಳುತ್ತದೆ, ಯಾವ ಕಿಟಕಿಯಿಂದಲೂ ಸಿಗುವುದಿಲ್ಲ. ಬೆಳಿಗ್ಗೆ, ಸಂಜೆಯೇ ಒಳ್ಳೆಯದು. ರೆಕ್ಕೆಯ ಹಿಂದಿನ ಸಾಲುಗಳಲ್ಲಿ ಎಂಜಿನ್ನಿನ ಬಿಸಿ ಗಾಳಿ ಅಡ್ಡ ಬಂದು ನೋಟ ಕದಡುತ್ತದೆ, ಫೋಟೋಗೆ ಮುಂದಿನ ಸಾಲುಗಳು ವಾಸಿ.

ಏರುವಾಗ, ಇಳಿಯುವಾಗ ಕಣ್ಣು ಕೀಳಬೇಡಿ. ಕಿಟಕಿಸೀಟು ಅವರು ನೋಡಿದ ಹಾಗೆ ನೆರಳು ಸ್ಪಷ್ಟವಾಗಿ ಸಿಗುವುದು ಆಗಲೇ.

ಭೌತಪಾಠ:
ಅದಕ್ಕೂ ಲೆಕ್ಕ ಇದೆ. ಸೂರ್ಯ ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಹಾಗಾಗಿ ಯಾವುದೇ ವಸ್ತುವಿನ ಗಟ್ಟಿ ನೆರಳು ಅದರ ಅಗಲದ ಸುಮಾರು 108 ಪಟ್ಟು ದೂರಕ್ಕೆ ಮುಗಿದುಹೋಗುತ್ತದೆ. ವಿಮಾನದ ಒಡಲು 4 ಮೀಟರ್ ಅಗಲ ಅಂದುಕೊಳ್ಳಿ. 430 ಮೀಟರ್ ಆಚೆ ಮೋಡ ಇದ್ದರೆ ನೆರಳು ಮಸುಕಾಗುತ್ತಾ ಹೋಗಿ ಉಂಗುರ ಮಾತ್ರ ಉಳಿಯುತ್ತದೆ.

ಕಿಟಕಿಸೀಟು ಅವರೇ, ನಿಮ್ಮ ಫೋಟೋದಲ್ಲಿ ಮೂತಿ, ಬಾಲ ಎರಡೂ ಚೊಕ್ಕವಾಗಿವೆ. ಒಂದು ಕೆಲಸ ಮಾಡಿ. ಎರಡನ್ನೂ ಪ್ರಿಂಟ್ ಹಾಕಿಸಿ ಸ್ಕೇಲಿನಿಂದ ಅಳೆಯಿರಿ. ಮೂತಿಯಿಂದ ಬಾಲಕ್ಕೆ ಎಷ್ಟು, ಮೂತಿಯಿಂದ ಉಂಗುರದ ನಡುವಿಗೆ ಎಷ್ಟು. ವಿಮಾನ ಯಾವುದು ಅಂತ ಗೊತ್ತಾ?

ಕಿಟಕಿಸೀಟು:
ಏರ್‌ಬಸ್ ಎ320. ಸೀಟಿನ ಮುಂದಿನ ಸುರಕ್ಷತಾ ಕಾರ್ಡಿನಲ್ಲಿ ಇತ್ತು, ಅದರ ಫೋಟೋನೂ ಇದೆ. ನಾಳೆ ಅಳೆದು ಹಾಕುತ್ತೇನೆ.

ಭೌತಪಾಠ:
ಎ320ರ ಉದ್ದ 37.57 ಮೀಟರ್. ಕಾಯುತ್ತಿರುತ್ತೇನೆ.

ಕಿಟಕಿಸೀಟು:
ಅಳೆದೆವು. ಸ್ಕೇಲ್ ಹಿಡಿದದ್ದು ತಂಗಿ, ಬರೆದುಕೊಂಡಿದ್ದು ನಾನು.

ನನ್ನ ಫೋಟೋ: ಮೂತಿಯಿಂದ ಬಾಲಕ್ಕೆ 12 ಸೆಂ.ಮೀ., ಮೂತಿಯಿಂದ ಉಂಗುರದ ನಡುವಿಗೆ 8.2 ಸೆಂ.ಮೀ. ಅಂದರೆ ನಿಜವಾದ ವಿಮಾನದಲ್ಲಿ ಮೂತಿಯಿಂದ 25.7 ಮೀಟರ್ ಹಿಂದೆ.

ಅವಳ ಫೋಟೋ: ಮೂತಿಯಿಂದ ಬಾಲಕ್ಕೆ 10 ಸೆಂ.ಮೀ., ನಡುವಿಗೆ 2.4 ಸೆಂ.ಮೀ. ಅಂದರೆ 9 ಮೀಟರ್.

ಇಬ್ಬರ ನಡುವೆ 16.7 ಮೀಟರ್. 27ರಲ್ಲಿ 6 ಕಳೆದರೆ 21 ಸಾಲು. ಭಾಗಿಸಿದರೆ ಒಂದು ಸಾಲಿಗೆ 79 ಸೆಂ.ಮೀ.

ಉಂಗುರದ ನಡು ಎಲ್ಲಿ ಅನ್ನುವುದನ್ನು ಕಣ್ಣಳತೆಯಲ್ಲೇ ಗುರುತು ಹಾಕಿದ್ದು, ಸ್ವಲ್ಪ ಹೆಚ್ಚುಕಡಿಮೆ ಇರಬಹುದು. ಒಂದು ಸೀಟಿನಿಂದ ಇನ್ನೊಂದು ಸೀಟಿಗೆ ನಿಜವಾಗಿ ಎಷ್ಟಿರುತ್ತದೆ ಸರ್?

ಭೌತಪಾಠ:
ಇಂಥ ವಿಮಾನಗಳಲ್ಲಿ ಸಾಮಾನ್ಯವಾಗಿ 28ರಿಂದ 32 ಇಂಚು. ಅಂದರೆ 71ರಿಂದ 81 ಸೆಂ.ಮೀ.

ಎರಡು ಉಂಗುರ, ಒಂದು ಸ್ಕೇಲ್, ಇಷ್ಟರಲ್ಲೇ ಸೀಟಿನ ಅಂತರ ಅಳೆದಿದ್ದೀರಿ. ಈ ಎರಡೂ ಫೋಟೋ ಮತ್ತು ಅಳತೆಯನ್ನು ತರಗತಿಯಲ್ಲಿ ತೋರಿಸಲು ನಿಮ್ಮಿಬ್ಬರ ಒಪ್ಪಿಗೆ ಬೇಕು.

ಕಿಟಕಿಸೀಟು:
ಖಂಡಿತ ತೋರಿಸಿ ಸರ್. ಮುಂದಿನ ತಿಂಗಳು ಇಬ್ಬರೂ ಮತ್ತೆ ಹೊರಟಿದ್ದೇವೆ, ಸಂಜೆಯ ವಿಮಾನ. ಅಕ್ಕಪಕ್ಕದ ಸೀಟು ಖಾಲಿ ಇತ್ತು. ತಂಗಿ ಬೇಡ ಅಂದಳು. ಅವಳು 29ನೇ ಸಾಲು, ನಾನು 4ನೇ ಸಾಲು, ಇಬ್ಬರಿಗೂ ನೆರಳಿನ ಕಡೆ ಕಿಟಕಿ.